ಸುಡುಗಾಡಿನ ಕಟ್ಟಿಗೆಯ ರೊಟ್ಟಿ

ಕಾಲಲ್ಲಿ ಮುಳ್ಳು ಮುರಿದರೆ ನಮ್ಮೂರಿನ ಮಂದಿ ದವಾಖಾನೆಗೆ ಹೋಗುತ್ತಿರಲಿಲ್ಲ. ಆಯಿಯ ಮನೆಯ ಕಟ್ಟೆಗೆ ಹೋಗಿ ಕಾಲು ಚಾಚಿ ಕೂಡ್ರುತ್ತಿದ್ದರು. ಅವಳ ಕೊರಳಲ್ಲಿ ಲಿಂಗ ಕಟ್ಟಿದ ದಾರಕ್ಕೆ ಸಣ್ಣದು ದೊಡ್ಡದು ಮೂರು ಪಿನ್ನು ಸದಾ ಜೋತಾಡುತ್ತಿದ್ದವು. ಬಂದವರ ಪಾದವನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು, ಕಣ್ಣು ಕಿರಿದು ಮಾಡಿ ನೋಡಿ, ಯಾವುದೋ ಊರ ಸುದ್ದಿ ಶುರು ಮಾಡುತ್ತಿದ್ದಳು. ಒಮ್ಮೆ ನನ್ನ ಹಿಮ್ಮಡಿಯಲ್ಲಿ ಮುಳ್ಳು ಮುರಿದಾಗಲೂ ಹಾಗೇ ಆಯಿತು.

“ಲೇ ತಮ್ಮಾ, ನಿನ್ನ ಹೆಂಡ್ತಿ ನಿನ್ನಿ ನೀರಿನ ಟಾಕಿ ಹಂತ್ಯಾಕ ನಿನ್ನ ಬಗ್ಗೆ ಏನ ಅಂದ್ಲು ಗೊತ್ತೈತೇನ?”

“ಏನಂದ್ಲು?” ಎಂದು ನಾನು ಕತ್ತೆತ್ತುವಷ್ಟರಲ್ಲಿ ಮುಳ್ಳು ಅವಳ ಪಿನ್ನಿನ ತುದಿಯಲ್ಲಿತ್ತು.

“ಏನೂ ಅಂದಿಲ್ಲ. ಏಳು, ಸುಣ್ಣಾ ಹಚ್ಕೋ ಹೋಗು.”

ಊರಿಗೆಲ್ಲ ಅವಳು ಆಯಿ. ರೇಶನ್ ಕಾರ್ಡಿನಲ್ಲಿ ಬೇರೆ ಹೆಸರಿತ್ತು. ಆ ಹೆಸರು ಹಿಡಿದು ಯಾರೂ ಕರೆದದ್ದು ನಾನು ಕೇಳಿಲ್ಲ, ಹಾಗಾಗಿ ಇಲ್ಲಿಯೂ ಬರೆಯುವುದಿಲ್ಲ. ಹುನಗುಂದದ ಕಡೆಯಿಂದ ಕಮತಗಿಗೆ ಹೋಗುವ ದಾರಿ ಬಿಟ್ಟು ಒಳಗೆ ನಡೆದರೆ ಸಿಗುವ ಎರೆಭೂಮಿಯ ಊರು ನಮ್ಮದು. ಅಲ್ಲಿ ಅವಳು ನಲವತ್ತು ವರ್ಷ ಬಳ್ಳಾರಿ ಜಾಲಿಯ ಕಟ್ಟಿಗೆ ಕಡಿದು ಮಾರಿ ಬದುಕಿದಳು. ಕಮತಗಿಯ ಖಾನಾವಳಿಯವರು, ಇಳಕಲ್ಲಿನಲ್ಲಿ ಸೀರೆಯ ನೂಲಿಗೆ ಬಣ್ಣ ಕುದಿಸುವವರು, ನಮ್ಮೂರಿನ ಅರ್ಧ ಮನೆಗಳವರು ಅವಳ ಗಿರಾಕಿಗಳು. ಮನೆಮನೆಗೆ ಗ್ಯಾಸು ಬಂದ ಮೇಲೂ ರೊಟ್ಟಿಗೆ ಮಾತ್ರ ಕಟ್ಟಿಗೆಯ ಒಲೆಯೇ ಬೇಕು ಎನ್ನುವ ಹೆಂಗಸರು ನಮ್ಮಲ್ಲಿ ಬಹಳ. ಅವಳು ಹೊರೆ ಕಟ್ಟುವ ರೀತಿ ನೋಡಬೇಕಿತ್ತು. ದಪ್ಪ ತುದಿಗಳೆಲ್ಲ ಒಂದೇ ಕಡೆ ಬಾರದ ಹಾಗೆ ಅದಲುಬದಲು ಜೋಡಿಸಿ, ಹಸಿ ಜಾಲಿಯ ಸಿಪ್ಪೆಯಿಂದಲೇ ಬಿಗಿಯುತ್ತಿದ್ದಳು. ಎರಡು ಹರದಾರಿ ನಡೆದರೂ ಸಡಿಲಾಗದ ಗಂಟು, ಗಿರಾಕಿಯ ಬಾಗಿಲಲ್ಲಿ ಒಂದೇ ಸಲ ಎಳೆದರೆ ಬಿಚ್ಚಿಕೊಳ್ಳುತ್ತಿತ್ತು.

ಬಳ್ಳಾರಿ ಜಾಲಿ ನಮ್ಮ ಸೀಮೆಯ ಗಿಡವಲ್ಲ. ಯಾವ ಕಾಲದಲ್ಲೋ ಉರುವಲಿಗಾಗಲಿ, ಬೇಲಿಗಾಗಲಿ ಎಂದು ಹೊರದೇಶದಿಂದ ತಂದು ಹಾಕಿದ್ದಂತೆ. ಬಂದದ್ದು ಬೇಲಿಯಲ್ಲಿ ನಿಲ್ಲಲಿಲ್ಲ. ಹಳ್ಳ, ಕೆರೆಯಂಗಳ, ದನ ಮೇಯುವ ಗಾಯರಾಣ, ಎಲ್ಲ ತನ್ನದು ಮಾಡಿಕೊಂಡಿತು. ಆದರೆ ಆಯಿಯ ಎದುರು ಯಾರಾದರೂ ಜಾಲಿಯನ್ನು ಬೈದರೆ ಅವಳು ಸುಮ್ಮನಿರುತ್ತಿರಲಿಲ್ಲ.

“ನನ್ನ ಎರಡು ಹೆಣ್ಣುಮಕ್ಕಳ ಮದುವಿ ಮಾಡಿದ್ದು ಇದನ ಜಾಲಿ. ಬೈಬ್ಯಾಡ್ರಿ ಅದಕ್ಕ.” ಸ್ವಲ್ಪ ತಡೆದು ಹೇಳುತ್ತಿದ್ದಳು: “ಖರೆ, ಬೀಗರು ಬಂದ್ರ ಪಡಸಾಲ್ಯಾಗ ಹಾಸಿ ಕೊಡ್ತೇವಿ. ದೇವರ ಮನ್ಯಾಗ ಹಾಸಿ ಕೊಡೂದಿಲ್ಲ.”

ನಾನು ಗುದ್ದಲಿ ಹಿಡಿದು ಬದುಕಿದವನು. ಐದನೇ ಇಯತ್ತೆಗೆ ಸಾಲೆ ಬಿಟ್ಟು ಅಪ್ಪನ ಜೊತೆ ಬಾವಿ ತೋಡಲು ಹೋದೆ. ಇವತ್ತು ನನ್ನ ಜೊತೆ ಎಂಟು ಜನರ ಗ್ಯಾಂಗ್ ಇದೆ. ಪೈಪ್‌ಲೈನ್ ಹೂಳುವ ಚರಿ ಇರಲಿ, ಮನೆಯ ಪಾಯ ಇರಲಿ, ನಾವು ತೋಡಿದಲ್ಲಿ ದಾರ ಹಿಡಿದು ನೋಡಿದರೆ ಎರಡು ಬೆರಳು ಹೆಚ್ಚುಕಡಿಮೆ ಇರುವುದಿಲ್ಲ. ಇದು ನಾನು ಹೇಳಿಕೊಳ್ಳುವ ಮಾತಲ್ಲ, ತೋಡಿಸಿದವರು ಹೇಳುವ ಮಾತು. ದುಡಿದ ದುಡ್ಡಿನಲ್ಲಿ ನಾಲ್ಕು ಎಕರೆ ಎರೆ ಹೊಲ ಮಾಡಿದ್ದೆ. ಆ ಹೊಲಕ್ಕೆ ಜಾಲಿ ಹೊಕ್ಕಿತು. ಪ್ರತಿ ವರ್ಷ ಕೊಡಲಿ ತೆಗೆದುಕೊಂಡು ನೆಲಕ್ಕೆ ಸರಿಯಾಗಿ ಕಡಿಯುತ್ತಿದ್ದೆ. ಪ್ರತಿ ವರ್ಷ ಕಡಿದಲ್ಲಿ ಮೊದಲಿಗಿಂತ ದಟ್ಟ ಪೊದೆ ಏಳುತ್ತಿತ್ತು. ಒಂದು ದಿನ ಹೊರೆ ಹೊತ್ತು ಹೊರಟಿದ್ದ ಆಯಿ ಬದುವಿನ ಮೇಲೆ ನಿಂತಳು.

“ಏನ ಮಾಡಾಕತ್ತೀಲೇ ತಮ್ಮಾ?”

“ಕಾಣೂದಿಲ್ಲೇನ ಆಯಿ? ಜಾಲಿ ಕಡ್ಯಾಕತ್ತೇನಿ.”

“ಕಡ್ಯಾಕತ್ತಿಲ್ಲ. ಅದರ ಕ್ಷೌರ ಮಾಡಾಕತ್ತಿ.”

ಹೊರೆ ಇಳಿಸಿ ಬಂದು ನನ್ನ ಗುದ್ದಲಿಯನ್ನೇ ತೆಗೆದುಕೊಂಡಳು. ಗಿಡದ ಸುತ್ತ ಒಂದು ಗೇಣು ಮಣ್ಣು ಬಿಡಿಸಿದಳು. ಬೊಡ್ಡೆ ಮುಗಿದು ಬೇರು ಶುರುವಾಗುವಲ್ಲಿ ಸ್ವಲ್ಪ ಉಬ್ಬಿದ ಜಾಗವನ್ನು ಗುದ್ದಲಿಯ ತುದಿಯಿಂದ ಮುಟ್ಟಿ ತೋರಿಸಿದಳು.

“ಇದು ಗಿಡದ ಕುತ್ತಿಗಿ. ಇದರ ಮ್ಯಾಲೆ ಎಲ್ಲಿ ಕಡದ್ರೂ ಒಂದಕ್ಕ ಐದು ಒಡೀತೈತಿ. ಇದರ ಕೆಳಗ ಕಡದ್ರ ಮುಗೀತು ಅದರ ಕತಿ.”

“ಇಷ್ಟ ಗೊತ್ತಿದ್ದಾಕಿ ಮೊದಲ ಯಾಕ ಹೇಳಲಿಲ್ಲ?”

“ನಾ ನಲವತ್ತು ವರ್ಷ ಕುತ್ತಿಗಿ ಉಳಿಸೇ ಕಡದಾಕಿ. ನನಗ ಮರುವರ್ಷ ಮತ್ತ ಕಟಗಿ ಬೇಕಿತ್ತು. ನಿನಗ ಏನ ಬೇಕು, ಜ್ವಾಳಾನೋ ಕಟಗೀನೋ?”

ತೋಡುವುದನ್ನೇ ಕಸುಬು ಮಾಡಿಕೊಂಡ ನನಗೆ, ಅದೂ ನನ್ನ ಹೊಲದಲ್ಲಿ, ನನ್ನದೇ ಗುದ್ದಲಿ ಹಿಡಿದು ಅವಳು ಪಾಠ ಹೇಳಿದ್ದು ಮೊದಲು ಚುಚ್ಚಿತು. ಆದರೂ ಹಾಗೇ ಮಾಡಿದೆ. ಆ ಬೇಸಿಗೆ ನಾಲ್ಕೂ ಎಕರೆಯ ಜಾಲಿಯನ್ನು ಗೇಣು ಕೆಳಗಿಂದ ತೆಗೆದೆ. ಹೊಲ ಬೋಳಾಯಿತು. ಖುಷಿಗೆ, ಒಳ್ಳೆಯ ಗೊಬ್ಬರವಾಗಲಿ ಎಂದು ಕುರಿ ನಿಲ್ಲಿಸಿದೆ. ಕುರಿಗಾರನಿಗೆ ಜೋಳ ಕೊಟ್ಟು ಅವನ ಹಿಂಡನ್ನು ನಾಲ್ಕಾರು ರಾತ್ರಿ ನಮ್ಮ ಹೊಲದಲ್ಲಿ ತರುಬಿಸಿಕೊಳ್ಳುವುದು ನಮ್ಮ ಕಡೆ ಅಪ್ಪ ಅಜ್ಜಂದಿರಿಂದ ಬಂದ ರೂಢಿ. ಮೊದಲ ಮಳೆಯಾಗಿ ಹದಿನೈದು ದಿನಕ್ಕೆ ಹೋಗಿ ನೋಡುತ್ತೇನೆ, ಹೊಲದ ತುಂಬ ಕೊತ್ತಂಬರಿ ಮಡಿಯ ಹಾಗೆ ಜಾಲಿಯ ಸಸಿ.

ಸಿಟ್ಟಿನಲ್ಲಿ ಆಯಿಯ ಮನೆಗೆ ಹೋಗಿ, “ನಿನ್ನ ಕುತ್ತಿಗಿ ಶಾಸ್ತ್ರ ನೋಡು ಬಾ,” ಎಂದೆ. ಅವಳು ನನ್ನ ಜೊತೆ ಬಂದಳು. ಹೊಲದ ನಡುವೆ ಕೂತಳು. ಕುರಿ ಮಲಗಿದ್ದ ಜಾಗದಿಂದ ಒಣಗಿದ ಹಿಕ್ಕೆಗಳನ್ನು ಆರಿಸಿ ಅಂಗೈಯಲ್ಲಿಟ್ಟು, ದಾರದ ಪಿನ್ನು ಬಿಚ್ಚಿ ಒಂದೊಂದಾಗಿ ಒಡೆದಳು. ನಾಲ್ಕನೆಯದರಲ್ಲಿ ಜಾಲಿಯ ಬೀಜ, ಹೊಳೆಯುತ್ತ, ಆಗಲೇ ಬಾಯಿ ಬಿಟ್ಟಿತ್ತು.

“ಜ್ವಾಳಾ ಕೊಟ್ಟು ಜಾಲಿ ಬಿತ್ತಿಸಿದಿ, ಶಾಣ್ಯಾ.”

ನಾನೊಬ್ಬನೇ ಅಲ್ಲ, ಊರಿಗೆ ಊರೇ ಪ್ರತಿ ವರ್ಷ ಅದನ್ನೇ ಮಾಡುತ್ತಿತ್ತು.

“ಬ್ಯಾಸಗ್ಯಾಗ ಈ ಕುರಿ ಎಲ್ಲಿ ಕಾಯಿ ತಿಂತಾವು?” ಎಂದು ಕೇಳಿದಳು. ಉತ್ತರ ನನಗೂ ಗೊತ್ತಿತ್ತು. ಎದುರಿಗೇ ಕಾಣುತ್ತಿತ್ತು. ಸುಡುಗಾಡು.

ನಮ್ಮಲ್ಲಿ ಸತ್ತವರನ್ನು ಕೂಡ್ರಿಸಿ ಮಣ್ಣು ಕೊಡುತ್ತೇವೆ, ಸುಡುವುದಿಲ್ಲ. ಆ ಜಾಗಕ್ಕೆ ಹೆಸರು ಮಾತ್ರ ಸುಡುಗಾಡು. ಊರಿನ ಪಡುವಣಕ್ಕೆ ಮೂರು ಎಕರೆ. ಅಲ್ಲಿಯ ಕಡ್ಡಿ ಒಲೆಗೆ ಹಾಕಿದರೆ ಆ ಮನೆಯಲ್ಲಿ ಇನ್ನೊಂದು ಸಾವು ಆಗುತ್ತದೆ ಎಂದು ಹಿಂದಿನಿಂದ ನಂಬಿದವರು ನಾವು. ಹಳ್ಳದ ಜಾಲಿಯನ್ನು ಬಡವರು ಕಡಿದರು, ಬದುವಿನದನ್ನು ರೈತರು ಕಡಿದರು. ಸುಡುಗಾಡಿನದಕ್ಕೆ ಕೊಡಲಿ ತಾಗಲಿಲ್ಲ. ತೊಡೆ ದಪ್ಪದ ಬೊಡ್ಡೆಗಳು, ಒಂದರ ತೆಕ್ಕೆಯಲ್ಲಿ ಒಂದು. ಬೇಸಿಗೆಗೆ ಹಳದಿ ಕಾಯಿ ಮೊಳಕಾಲುದ್ದ ಬೀಳುತ್ತಿತ್ತು. ಕುರಿಗಳು ನುಸುಳಿ ಹೊಟ್ಟೆ ತುಂಬ ತಿಂದು ಸಂಜೆಗೆ ನಮ್ಮ ಹೊಲಗಳಲ್ಲಿ ಬಂದು ಮಲಗುತ್ತಿದ್ದವು. ಮನುಷ್ಯರು ಮಾತ್ರ ಒಳಗೆ ಹೋಗುವ ಹಾಗಿರಲಿಲ್ಲ. ಸತ್ತವರಿಗೂ ದಾರಿ ಇರಲಿಲ್ಲ. ಎಷ್ಟೋ ವರ್ಷದಿಂದ ಮಣ್ಣು ಕೊಡುವುದು ಹೊರಗೆ, ಬಂಡಿದಾರಿಯ ಅಂಚಿಗೆ ನಡೆದಿತ್ತು.

ಆಯಿಯ ಗಂಡನಿಗೂ ಅಲ್ಲಿಯೇ ಮಣ್ಣಾಗಿತ್ತು. ಈಗ ಟ್ರ್ಯಾಕ್ಟರಿನ ಗಾಲಿ ಅವನ ತಲೆಯ ಮೇಲೇ ಹಾಯುತ್ತದೆ ಎಂದು ಅವಳು ಒಂದೇ ಒಂದು ಸಲ ನನ್ನ ಮುಂದೆ ಹೇಳಿದ್ದಳು. ಆ ದಿನ ಹೊಲದಲ್ಲಿ ಪಿನ್ನನ್ನು ದಾರಕ್ಕೆ ಸಿಕ್ಕಿಸಿಕೊಳ್ಳುತ್ತ ಹೇಳಿದಳು: “ಅವನ್ನಂತೂ ಹೊರಗ ಬಿಟ್ಟು ಬಂದ್ನಿ. ನನ್ನ ಮಣ್ಣು ಒಳಗ ಆಗಬೇಕು ತಮ್ಮಾ. ನಮ್ಮತ್ತಿ ಮಗ್ಗಲಕ. ಮೂವತ್ತು ವರ್ಷದ ಜಗಳಾ ಅರ್ಧಕ್ಕ ನಿಂತೈತಿ.”

ನಕ್ಕಳು. ಆದರೆ ಆ ನಗೆಯಲ್ಲಿ ಹಟ ಇತ್ತು.

ಆ ವಾರವೇ ಅವಳು ಗುಡಿಯ ಕಟ್ಟೆಗೆ ಹೋದಳು. ಹಿರಿಯರು ಕೂತಿದ್ದರು, ಊರಿನ ಗೌಡರು ನಡುವೆ. ನನ್ನನ್ನೂ ಕರೆದುಕೊಂಡು ಹೋಗಿದ್ದಳು. ಸುಡುಗಾಡಿನ ಜಾಲಿ ಬುಡಸಹಿತ ತೆಗೆಯಬೇಕು ಎಂದಳು. ಗೌಡರು ಹುಬ್ಬು ಗಂಟಿಕ್ಕಿದರು.

“ಏನಬೇ, ಸತ್ತವರ ಮ್ಯಾಲೆ ಗುದ್ದಲಿ ಹಾಕಬೇಕಂತೀ?”

“ಗೌಡ್ರ, ಜಾಲಿ ಬೇರು ನಿಮ್ಮ ಅಪ್ಪಾರ ಎದಿಯಾಗ ಇಳದೈತಿ. ಅದನ್ನ ಇಷ್ಟು ವರ್ಷ ನೋಡ್ಕೋತ ಕುಂತೀರಿ. ಇವನ ಗುದ್ದಲಿ ಬರೀ ಒಂದು ಗೇಣಿಗೆ ನಿಂದರ್ತೈತಿ. ಯಾವುದು ತಪ್ಪು?”

ಯಾರೋ ಒಬ್ಬರು ಕೇಳಿದರು: “ಕಡದ ಕಟಗಿ ಏನ ಮಾಡೂದು? ಆ ಕಟಗಿ ಯಾರ ಒಯ್ತಾರ?”

“ನಾ ಒಯ್ತೇನಿ.”

“ಎಲ್ಲಿಗೆ?”

“ನನ್ನ ಒಲಿಗೆ.”

ಎಲ್ಲರೂ ಮುಖ ತಿರುಗಿಸಿದರು. “ನಿನ್ನ ಒಲಿ, ನಿನ್ನ ಹಣೇಬಾರ,” ಎಂದರು ಗೌಡರು. ನಾನು ತುಟಿ ಬಿಚ್ಚಲಿಲ್ಲ. ಹೊರಗೆ ಬಂದ ಮೇಲೆ ಅವಳು ನನ್ನ ಕಡೆ ನೋಡದೆ ಕೇಳಿದಳು: “ಎಂಟು ಮಂದಿ ಗ್ಯಾಂಗ್ ಐತಿ ಅಂತಿ. ಎಲ್ಲಾರಿಗೂ ಕೂಡಿ ಒಂದು ಬಾಯಿ ಇಲ್ಲೇನಲೇ?”

ಮರುದಿನದಿಂದ ಆಯಿ ಸುಡುಗಾಡಿನ ಅಂಚಿನ ಜಾಲಿ ಕಡಿಯಲು ಶುರು ಮಾಡಿದಳು. ಒಬ್ಬಳೇ. ಮನೆಯೊಳಗಿನ ಒಲೆ ಬಿಟ್ಟು, ಮುಂದಿನ ತಗಡಿನ ಚಪ್ಪರದ ಕೆಳಗೆ ಮೂರು ಕಲ್ಲು ಹೂಡಿದಳು. ಹಾದು ಹೋಗುವವರೆಲ್ಲ ನೋಡಲಿ ಎಂದೇ. ಹೊತ್ತೇರಿದ ಮೇಲೆ ಅಲ್ಲಿ ಕೂತು ರೊಟ್ಟಿ ಬಡಿಯುವಳು, ಬಡಿದದ್ದನ್ನು ಅಲ್ಲಿಯೇ ಕೂತು ತಿನ್ನುವಳು. ಯಾರಾದರೂ ನಿಂತರೆ, “ಬಾ, ಒಂದು ತುತ್ತು ತಿನ್ನು,” ಎನ್ನುವಳು. ನಿಂತವರು ಕಾಲಿಗೆ ಬುದ್ಧಿ ಹೇಳುವರು. ಬೇಕೆಂದೇ ಹೀಗೆ ಕರೆದು ಓಡಿಸಿ ಬಿದ್ದು ಬಿದ್ದು ನಗುವಳು.

ನಗು ಅವಳಿಗೆ ಸಸ್ತಾ ಬೀಳಲಿಲ್ಲ. ಮೊದಲು ಊರಿನ ಗಿರಾಕಿಗಳು ಹೋದರು. ಹೊರೆಯಲ್ಲಿ ಯಾವ ಕಟ್ಟಿಗೆ ಬೆರೆತಿದೆಯೋ ಯಾರಿಗೆ ಗೊತ್ತು ಎಂದರು. ಮಾರುವ ಕಟ್ಟಿಗೆ ಹಳ್ಳದ್ದು, ಒಲೆಯದು ಸುಡುಗಾಡಿನದು ಎಂದು ಅವಳು ಆಣೆ ಮಾಡಿ ಹೇಳಿದರೂ ಕೇಳಲಿಲ್ಲ. ಸುದ್ದಿ ಕಮತಗಿಗೆ ಹೋಯಿತು, ಖಾನಾವಳಿಯವನು ಬೇಡ ಎಂದ. ಬಣ್ಣದವರಾದರೂ ಉಳಿದಾರು ಎಂದುಕೊಂಡಿದ್ದಳು. ಅಲ್ಲಿಯ ಯಜಮಾನನ ಹೆಂಡತಿ, ಮದುಮಗಳು ಉಡುವ ಸೀರೆಗೆ ಸುಡುಗಾಡಿನ ಬೆಂಕಿ ತಾಗಬಾರದು ಎಂದಳಂತೆ. ಆಯಿ ಅದನ್ನು ನಮ್ಮ ಕಟ್ಟೆಗೆ ಬಂದು ಹೇಳಿದಳು.

“ಬೆಂಕಿಗೂ ಊರು ಕೇರಿ ಕೇಳ್ತಾರ ನೋಡಬೇ,” ಎಂದಳು ನನ್ನ ಹೆಂಡತಿಗೆ.

ನನ್ನ ಹೆಂಡತಿ ತಲೆ ತಗ್ಗಿಸಿದಳು. ಅವಳೂ ಆಯಿಯ ಕೈಯಿಂದ ಹೊರೆ ಇಳಿಸಿಕೊಳ್ಳುವುದನ್ನು ಬಿಟ್ಟಿದ್ದಳು. ನಾನು ನಡುವೆ ಬಾಯಿ ಹಾಕಿ, “ಸಾಕು ಮಾಡು ಆಯಿ. ಉಪಾಸ ಬೀಳ್ತಿ,” ಎಂದೆ.

“ನಾ ಉಪಾಸ ಬಿದ್ರ ಒಬ್ಬಾಕಿ ಬೀಳ್ತೇನಿ. ನೀ ಮಾತಾಡಲಿಲ್ಲಂದ್ರ ನಿನ್ನ ನಾಕು ಎಕರೆ ಬೀಳ್ತೈತಿ.”

ಹೀಗೆ ಐದು ತಿಂಗಳು. ಅವಳ ಮನೆಯಲ್ಲಿ ಒಂದೂ ಸಾವಾಗಲಿಲ್ಲ. ಸಾಯಲು ಇದ್ದವಳು ಅವಳೊಬ್ಬಳೇ, ಅವಳು ಸಾಯಲಿಲ್ಲ. ಮುಳ್ಳು ತೆಗೆಸಿಕೊಳ್ಳಲು ಮಾತ್ರ ಜನ ಹೋಗುತ್ತಲೇ ಇದ್ದರು. ಪಾದ ಅವಳ ತೊಡೆಯ ಮೇಲೆ, ಕಣ್ಣು ಮೂರು ಕಲ್ಲಿನ ಆ ಒಲೆಯ ಮೇಲೆ.

ಎಳ್ಳ ಅಮಾವಾಸ್ಯೆ ಬಂತು. ಆ ದಿನ ನಮ್ಮ ಕಡೆ ಮನೆಯಲ್ಲಿ ಯಾರೂ ಉಣ್ಣುವುದಿಲ್ಲ. ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಬನ್ನಿಗಿಡದ ಕೆಳಗೆ ಐದು ಕಲ್ಲಿಟ್ಟು ಪೂಜೆ ಮಾಡಿ, ನಿಂತ ಬೆಳೆಗೆ ಬುತ್ತಿಯ ಅಡುಗೆಯನ್ನೇ ಚರಗವಾಗಿ ಚೆಲ್ಲಿ, ಅಕ್ಕಪಕ್ಕದ ಹೊಲದವರನ್ನೆಲ್ಲ ಕರೆದು ಕೂಡಿ ಉಣ್ಣುವ ಹಬ್ಬ. ಹೊಲವಿಲ್ಲದವರನ್ನು ಹೊಲವಿದ್ದವರು ಕರೆಯಲೇಬೇಕು. ಆಯಿಗೆ ಹೊಲವಿರಲಿಲ್ಲ. ಆ ವರ್ಷ ಅವಳನ್ನು ಯಾರೂ ಕರೆದಿರಲಿಲ್ಲ. ನಾನೂ ಕರೆದಿರಲಿಲ್ಲ. ಇದನ್ನು ಮುಚ್ಚಿಟ್ಟು ಬರೆದರೆ ಉಳಿದದ್ದು ಬರೆದೂ ಉಪಯೋಗವಿಲ್ಲ.

ಅವಳು ಕರೆಯದೆಯೇ ಬಂದಳು. ನನ್ನ ಹೊಲಕ್ಕೆ. ತಲೆಯ ಮೇಲೆ ಬುಟ್ಟಿ, ಬುಟ್ಟಿಯ ಮೇಲೆ ಬಿಳಿ ಅರಿವೆ. ಬನ್ನಿಯ ನೆರಳಲ್ಲಿ ನಾವು ಹದಿನೈದು ಇಪ್ಪತ್ತು ಜನ ಕೂತಿದ್ದೆವು. ಮಗ್ಗುಲ ಹೊಲ ಗೌಡರದು, ಅವರೂ ಇದ್ದರು. ಬುಟ್ಟಿ ಇಳಿಸಿ ಅರಿವೆ ಸರಿಸಿದಳು. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಮೇಲೆ ಒಂದು ಮುದ್ದೆ ಬೆಣ್ಣೆ. ಯಾರೂ ಕೈ ಚಾಚಲಿಲ್ಲ.

“ತಿನ್ನಂತ ಹೇಳಾಕ ಬಂದಿಲ್ಲ,” ಎಂದಳು. ಎದುರಿನ ಜೋಳದ ಸಾಲುಗಳ ನಡುವೆ ನಾನು ಕಿತ್ತಷ್ಟೂ ಏಳುತ್ತಿದ್ದ ಜಾಲಿಯ ಸಸಿಗಳತ್ತ ಕೈ ತೋರಿಸಿದಳು. “ಈ ಬನ್ನೀನೂ ಆ ಜಾಲೀನೂ ನೋಡಾಕ ಅಕ್ಕ ತಂಗಿ ಇದ್ದಂಗ ಅದಾವು. ಬನ್ನಿ ಬುಡಕ ಜ್ವಾಳ ಬೆಳೀತೈತಿ. ಜಾಲಿ ಬುಡಕ ಹುಲ್ಲೂ ಬೆಳಿಯೂದಿಲ್ಲ. ಇಂದ ಭೂಮಿಗೆ ಉಣಸಾಕ ಬಂದೀರಿ. ಮುಂದ ಹತ್ತು ವರ್ಷಕ್ಕ ಎಲ್ಲಿ ನಿಂತು ಚರಗಾ ಚೆಲ್ತೀರಿ, ಅಷ್ಟ ಹೇಳ್ರಿ. ನಾ ಹೋಗ್ತೇನಿ.”

ಬುಟ್ಟಿ ಎತ್ತಿಕೊಳ್ಳಲು ಬಗ್ಗಿದಳು. ನನ್ನ ಕೈ ನನಗಿಂತ ಮೊದಲೇ ಹೋಯಿತು. ಮೇಲಿನ ರೊಟ್ಟಿ ತೆಗೆದು, ಮುರಿದು, ಬಾಯಿಗಿಟ್ಟೆ. ಕಟುಂ ಎಂದ ಸದ್ದು ಎಲ್ಲರಿಗೂ ಕೇಳಿಸಿತು. ನಾನು ಅಗಿಯುತ್ತಲೇ ಇದ್ದೆ. ನನ್ನ ಹೆಂಡತಿ ಒಂದು ಗಳಿಗೆ ನನ್ನನ್ನು ನೋಡಿದಳು, ಆಮೇಲೆ ನನ್ನ ಕೈಯಲ್ಲಿದ್ದ ಅರ್ಧವನ್ನು ಕಸಿದುಕೊಂಡಳು.

“ಸತ್ರ ಕೂಡೇ ಸಾಯೂಣಂತ. ನೀ ಒಬ್ಬಾವ ಹೋದ್ರ ನಿನ್ನ ಎಂಟು ಮಂದಿಗೆ ಚಾ ಯಾರ ಮಾಡಬೇಕು?” ಎಂದು ಬಾಯಿಗೆ ಹಾಕಿಕೊಂಡಳು.

ಮಂದಿ ನಕ್ಕರು. ನಗು ಬಂದ ಮೇಲೆ ಭಯ ನಿಲ್ಲುವುದು ಕಷ್ಟ. ನನ್ನ ಗ್ಯಾಂಗಿನವರು ಒಬ್ಬೊಬ್ಬರಾಗಿ ಕೈ ಹಾಕಿದರು. ಆಯಿ ಬುಟ್ಟಿಯನ್ನು ಗೌಡರ ಎದುರು ಸರಿಸಿದಳು.

“ಗೌಡ್ರ, ನಿಮಗ ಹಲ್ಲಿಲ್ಲ. ಬೆಣ್ಣಿ ಹಚ್ಚಿ ಮೆತ್ತಗ ಮಾಡಿ ಕೊಡ್ಲೇನು?”

“ಹಲ್ಲಿಲ್ಲದಿದ್ರೇನಬೇ, ನಾಲಿಗಿ ಐತಿ,” ಎಂದು ಗೌಡರು ಚೂರು ಮುರಿದರು. ತಿಂದರು. ಇನ್ನೊಂದು ಚೂರು ಕೇಳಿದರು. ಆಮೇಲೆ ಎದ್ದು ಜೋಳದ ಸಾಲಿನಿಂದ ಒಂದು ಜಾಲಿಯ ಸಸಿ ಕಿತ್ತು ತಂದರು. “ಸೋಮವಾರ ಗುದ್ದಲಿ ತಗೊಂಡು ಸುಡುಗಾಡಿಗೆ ಬರ್ರಿ ಎಲ್ಲಾರೂ,” ಎಂದರು.

ಸೋಮವಾರ ಎಂದಿದ್ದಕ್ಕೆ ಕಾರಣವಿದೆ. ನಮ್ಮಲ್ಲಿ ಆ ದಿನ ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ, ಬಸವಣ್ಣನ ದಿನ. ಈಗ ಎತ್ತು ಕಡಿಮೆಯಾಗಿ ಟ್ರ್ಯಾಕ್ಟರು ಬಂದಿವೆ, ಆದರೂ ಸೋಮವಾರ ಹೊಲದ ಕೆಲಸಕ್ಕೆ ರಜೆಯೇ. ಊರಿಗೆ ಊರೇ ಸಿಗುವ ದಿನ. ಮೊದಲ ಸೋಮವಾರ ಮೂವತ್ತು ಜನ ಬಂದರು, ಎರಡನೆಯದಕ್ಕೆ ಎಂಬತ್ತು. ಪಕ್ಕದ ಕಬರಸ್ತಾನದಲ್ಲೂ ಅದೇ ಜಾಲಿ. ನಡುವಿನ ಬೇಲಿ ಎಲ್ಲಿತ್ತೆಂದೇ ಯಾರಿಗೂ ತಿಳಿಯದ ಹಾಗೆ ಬೆಳೆದಿತ್ತು. ಊರಿನ ಮುಸಲ್ಮಾನರ ಮನೆಗಳವರೂ ಬಂದರು. ಅವರಲ್ಲಿ ಕುಲುಮೆ ಇಟ್ಟ ಕಾಕಾ ಒಬ್ಬರು ನಮ್ಮ ಗುದ್ದಲಿಗಳ ಬಾಯಿ ಕಿರಿದು ಮಾಡಿ ಬಡಿದು ಕೊಟ್ಟರು, ಗೋರಿಗೆ ತಾಗದೆ ಬೇರಿಗೆ ಮಾತ್ರ ಇಳಿಯುವ ಹಾಗೆ. ಅಳತೆ ಮಾತ್ರ ಆಯಿಯದು. ಕೈ ಬಿಡಿಸಿ ಗೇಣು ಹಾಕಿ ನೋಡದೆ ಒಂದು ಬೊಡ್ಡೆಯನ್ನೂ ಕಡಿಯಗೊಡುತ್ತಿರಲಿಲ್ಲ.

“ಲೇ, ಇದು ಯಾರ ಗೇಣೋ? ಕೂಸಿನ ಗೇಣೇನು? ಇನ್ನ ಇಳಸು!”

“ಆಯಿ, ನಡು ನೋವಾಗಾಕತ್ತೈತಿ.”

“ನಿನ್ನ ನಡುವಿಗೆ ವಯಸ್ಸೆಷ್ಟೋ? ನಂದರ ಅರ್ಧ ಇಲ್ಲ. ಇಳಸು.”

ಕುರಿಗಾರ ಮಾತ್ರ ಬಂದು ಜಗಳ ತೆಗೆದ. ಬೇಸಿಗೆಯಲ್ಲಿ ಅವನ ಕುರಿಗಳಿಗೆ ಆ ಕಾಯಿಯೇ ಆಸರೆ. ಆಯಿ ಅವನನ್ನು ಬಯ್ಯಲಿಲ್ಲ. ಹಳ್ಳದ ದಂಡೆಯ ಜಾಲಿ ಹೇಗೂ ಉಳಿಯುತ್ತದೆ, ಅದರ ಕಾಯಿ ಆರಿಸಿ ಒರಳಲ್ಲಿ ಕುಟ್ಟಿ ಹಾಕು, ಬೀಜ ಒಡೆದು ಹೋಗಲಿ ಎಂದಳು. ಮೊದಲ ಬುಟ್ಟಿ ತಾನೇ ಕುಟ್ಟಿ ಕೊಟ್ಟಳು. ಈಗ ನಮ್ಮೂರಲ್ಲಿ ಕುರಿ ನಿಲ್ಲಿಸುವವರೆಲ್ಲ ಮೊದಲು ಕೇಳುವುದು, “ಕುಟ್ಟಿದ್ದು ಹಾಕೀಯೇನಪಾ?” ಎಂದೇ.

ಒಂಬತ್ತನೆಯ ಸೋಮವಾರ ಬೆಳಕು ಒಳಗೆ ಬಿತ್ತು. ಒಂದೊಂದಾಗಿ ಕಲ್ಲುಗಳು ಕಂಡವು. ಮಂದಿ ತಮ್ಮ ತಮ್ಮವರನ್ನು ಹುಡುಕುತ್ತ ಅಲೆದರು. ಗೌಡರು ಅಪ್ಪನ ಕಲ್ಲು ಸಿಕ್ಕಾಗ ಹೆಗಲ ಶಲ್ಯ ತೆಗೆದು ಅದನ್ನು ಒರೆಸಿದರು. ಆಯಿ ಅತ್ತೆಯ ಕಲ್ಲಿನ ಮುಂದೆ ಟೊಂಕದ ಮೇಲೆ ಕೈಯಿಟ್ಟು ನಿಂತು, “ಇಲ್ಲೇ ಅದೀಯಾ? ಇರು, ಇರು,” ಎಂದಳು. ಕಡಿದ ಕಟ್ಟಿಗೆ ಆ ವರ್ಷ ಊರಿನ ಎಲ್ಲ ಒಲೆಗಳಲ್ಲಿ ಉರಿಯಿತು. ಮುಂದಿನ ಮೂರು ಮಳೆಗಾಲ ಸಸಿ ಎದ್ದಾಗಲೆಲ್ಲ ಮನೆಗೊಬ್ಬರಂತೆ ಹೋಗಿ ಕಿತ್ತೆವು. ಪ್ರತಿ ಮಳೆಗೂ ಕಡಿಮೆಯಾಯಿತು. ನಾಲ್ಕನೆಯ ಮಳೆಗೆ ಅಲ್ಲಿ ಹುಲ್ಲು ಬಂತು, ಕರಕಿ ಹುಲ್ಲು, ನಮ್ಮದು. ನನ್ನ ನಾಲ್ಕು ಎಕರೆಯಲ್ಲಿ ಜೋಳ ಎದೆಮಟ್ಟ ನಿಂತಿತು.

ಯಾರೋ ಮೊಬೈಲಿನಲ್ಲಿ ಆಯಿಯ ವಿಡಿಯೋ ಮಾಡಿ ಕಳಿಸಿದ್ದರು, ಗೇಣು ಹಾಕಿ ಬೈಯುತ್ತಿದ್ದದ್ದು. ಅದು ಊರೂರು ತಿರುಗಿತು. ಪಟ್ಟದಕಲ್ಲಿನ ಕಡೆಯ ಹಳ್ಳಿಯೊಂದರಿಂದ ಜೀಪು ತಂದು ಕರೆದುಕೊಂಡು ಹೋದರು. ಅವಳು ಮುಂದಿನ ಸೀಟೇ ಬೇಕು ಎಂದು ಕೂತಳು, ನಾನು ಹಿಂದೆ ಗುದ್ದಲಿಗಳ ಜೊತೆ. ಅಲ್ಲಿ ದೊಡ್ಡ ಮನೆಯ ಸೋಫಾದ ಮೇಲೆ ಕೂಡ್ರಿಸಿ ಚಹಾ ಕೊಟ್ಟು, “ಯಾವ ಔಷಧ ಹೊಡಿಬೇಕ್ರಿ ಅಮ್ಮಾರ?” ಎಂದು ಕೇಳಿದರು.

“ಔಷಧಾ ಏನೂ ಇಲ್ರಿ. ನಿಮ್ಮೂರಾಗ ಉಳಿದವ್ರು ಯಾರ ಮುಂದ ತಲಿ ಬಗ್ಗಸ್ತಾರ?”

ಅವರು ಮನೆಯ ಯಜಮಾನನನ್ನು ತೋರಿಸಿದರು.

“ಮೊದಲನೇ ಗುದ್ದಲಿ ಅವ್ರು ಹಾಕ್ಲಿ. ಮೊದಲನೇ ರೊಟ್ಟೀನೂ ಅವ್ರ ತಿನ್ಲಿ. ಮುಂದಿಂದು ಇವ ಹೇಳಿ ಕೊಡ್ತಾನ. ನಮ್ಮ ಕಡೆ ಇವನ ಗುದ್ದಲಿಗೆ ಜೋಡಿಲ್ಲ.”

ನಲವತ್ತು ವರ್ಷದ ನನ್ನ ದುಡಿಮೆಯಲ್ಲಿ ಜೋಡಿಲ್ಲ ಎಂಬ ಮಾತು ನನಗೆ ಯಾರೂ ಹೇಳಿರಲಿಲ್ಲ. ಅವಳು ಕಪ್ಪಿನ ಚಹಾ ಬಸಿಗೆ ಸುರಿದು ಊದುತ್ತಿದ್ದಳು, ನನ್ನ ಕಡೆ ನೋಡಲೂ ಇಲ್ಲ.

ಹೋದ ವರ್ಷ ಮಳೆಗಾಲದ ಕೊನೆಗೆ ಆಯಿ ಹೋದಳು. ಎರಡು ದಿನ ಜ್ವರ, ಅಷ್ಟೇ. ಕುಣಿ ತೋಡಲು ನನ್ನ ಗ್ಯಾಂಗಿನವರು ಬಂದು ನಿಂತಿದ್ದರು. ಅವರ ಕೈಗೆ ಗುದ್ದಲಿ ಕೊಡಲಿಲ್ಲ. ಅತ್ತೆಯ ಕಲ್ಲಿನ ಮಗ್ಗುಲಿಗೆ ದಾರ ಹಿಡಿದು ಗುರುತು ಹಾಕಿ ನಾನೇ ಇಳಿದೆ. ಮೊದಲ ಗೇಣಿಗೆ ಹಳೆಯ ಬೇರಿನ ತುಂಡೊಂದು ಹತ್ತಿತು. ಹಿಸುಕಿದೆ, ಪುಡಿಯಾಗಿ ಬೆರಳುಗಳ ನಡುವೆ ಉದುರಿತು. ಮೊಳಕಾಲಿಗೆ ಇಳಿದೆ, ಸೊಂಟಕ್ಕೆ ಇಳಿದೆ, ಎದೆಗೆ ಇಳಿದೆ. ಕಪ್ಪು ಎರೆ, ತಂಪು, ನಡುನಡುವೆ ಎರೆಹುಳ. ಗುದ್ದಲಿ ಎಲ್ಲಿಯೂ ತಡೆಯಲಿಲ್ಲ. ನಾಲ್ಕೂ ಗೋಡೆ ಕೈಯಿಂದ ಸವರಿ ನೋಡಿದೆ. ಒಂದೇ ಒಂದು ಹಸಿ ಬೇರು ಇರಲಿಲ್ಲ.

ಮೇಲಿನಿಂದ ಗೌಡರು ಬಗ್ಗಿ ಕೇಳಿದರು: “ಏನರ ಹತ್ತಾಕತ್ತೈತೇನೋ?”

“ಏನೂ ಇಲ್ರಿ ಗೌಡ್ರ. ಬರೀ ಮಣ್ಣು.”

ಅವರು ನೆಟ್ಟಗಾಗಿ, ನೆರೆದ ಮಂದಿಯತ್ತ ತಿರುಗಿ, ಆ ವಯಸ್ಸಿನಲ್ಲಿ ಎಲ್ಲಿತ್ತೋ ಆ ದನಿ, ಕೂಗಿ ಹೇಳಿದರು: “ಬರೀ ಮಣ್ಣು ಐತಂತ!”

ನಾನು ಎಷ್ಟೋ ಬಾವಿಗಳ ತಳದಲ್ಲಿ ನಿಂತವನು. ನೀರು ಬಿತ್ತೆಂದು ಗೊತ್ತಾದ ಕೂಡಲೇ ಮೇಲಿನವರು ಅಂಚಿಗೆ ನುಗ್ಗಿ ಬಗ್ಗಿ ನೋಡುತ್ತಾರೆ, ಆಗ ಅವರ ಮುಖಗಳು ಆಕಾಶದ ಸುತ್ತ ಒಂದು ಸುತ್ತು ಕಟ್ಟುತ್ತವೆ. ಆ ದಿನ ಆಯಿಯ ಕುಣಿಯ ತಳದಲ್ಲಿ ನಿಂತು ನಾನು ತಲೆ ಎತ್ತಿದಾಗ ಕಂಡದ್ದು ಅದೇ.